ಏನಿಲ್ರಿ ಸಾಹೇಬ್ರ

"ಬಿಪಿ, ಶುಗರ್, ಹಾರ್ಟಿಂದು ಏನರ ಅದಾವೇನ್ರಿ? ದಿನಾ ಯಾವುದರ ಗುಳಿಗಿ ತಗೋತೀರೇನು?"

ಅಪ್ಪ ಒಂದು ಕ್ಷಣವೂ ಯೋಚಿಸಲಿಲ್ಲ. "ಏನಿಲ್ರಿ ಸಾಹೇಬ್ರ, ಗಟ್ಟಿ ಅದೀನಿ."

ಹುಮನಾಬಾದಿನ ಒಂದು ಹಲ್ಲಿನ ಕ್ಲಿನಿಕ್ಕು. ಅಪ್ಪನ ಕೆಳದವಡೆಯ ಹಲ್ಲಿನ ಬುಡದಲ್ಲಿ ಕೀವಾಗಿ ಕೆನ್ನೆ ಊದಿತ್ತು. ಕುರ್ಚಿಯ ಪಕ್ಕ ನಿಂತಿದ್ದ ನನಗೆ ಗೊತ್ತಿತ್ತು: ಏಳು ತಿಂಗಳ ಹಿಂದೆ ಸೋಲಾಪುರದಲ್ಲಿ ಅವನ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದ್ದಾರೆ, ರಕ್ತ ಹೆಪ್ಪುಗಟ್ಟದ ಹಾಗೆ ದಿನಾ ಎರಡು ಥರದ ಗುಳಿಗೆ ನುಂಗಬೇಕು. ನನಗೂ ಗೊತ್ತಿಲ್ಲದ ಒಂದು ಸಂಗತಿ ಆಮೇಲೆ ಬಯಲಾಯಿತು. ಹಲ್ಲು ಕೀಳಿಸಬೇಕಂದ್ರೆ ರಕ್ತದ ಗುಳಿಗೆ ಬಿಡಬೇಕು ಅಂತ ಊರಲ್ಲಿ ಯಾರೋ ಅಂದಿದ್ದಕ್ಕೆ, ನಾಲ್ಕು ದಿನದಿಂದ ಅವನ್ನು ತಾನೇ ನಿಲ್ಲಿಸಿಬಿಟ್ಟಿದ್ದ.

ಡಾಕ್ಟರು ಸಿರಿಂಜ್ ತುಂಬುತ್ತಿದ್ದರು. ನಾನು ಅಪ್ಪನ ಮುಖ ನೋಡದೆ ಹೇಳಿದೆ: "ಸರ್, ಹೀ ಹ್ಯಾಸ್ ಎ ಸ್ಟೆಂಟ್." ಸಿರಿಂಜ್ ಟ್ರೇಗೆ ವಾಪಸ್ ಹೋಯಿತು.

ಅವತ್ತು ಹಲ್ಲು ಕೀಳಲಿಲ್ಲ. ಡಾಕ್ಟರು ಸೋಲಾಪುರಕ್ಕೆ ಫೋನ್ ಹಚ್ಚಿಸಿದರು, ನಿಲ್ಲಿಸಿದ ಗುಳಿಗೆ ಅವತ್ತೇ ಶುರು ಮಾಡಿಸಿದರು, ಕೀವಿಗೆ ಆ್ಯಂಟಿಬಯೋಟಿಕ್ ಬರೆದು ಮುಂದಿನ ವಾರ ಬರ್ರಿ ಅಂದರು. ಬಸ್ಸಿನಲ್ಲಿ ಅಪ್ಪ ಕೆನ್ನೆ ಹಿಡಿದುಕೊಂಡು ಕಿಟಕಿ ಕಡೆ ಮುಖ ಮಾಡಿ ಕೂತ. ಸಸ್ತಾಪುರ ಬಂಗ್ಲಾ ಬರುವ ತನಕ ಒಂದು ಮಾತಿಲ್ಲ.

ನಾನು ಮಾಡಿದ್ದು ಸರಿ ಅಂತ ತೋರಿಸುವುದು ಸುಲಭ. ಆ ರಾತ್ರಿ ನನಗೆ ನಾನೇ ತೋರಿಸಿಕೊಳ್ಳಲು ಕೂತೆ, ಫೋನಿನಲ್ಲಿ ಓದುತ್ತ. ಹಲ್ಲಿಗೆ ಜೋಮು ಹಿಡಿಸುವ ಇಂಜೆಕ್ಷನ್ನಿನಲ್ಲಿ ಸಾಮಾನ್ಯವಾಗಿ ಲಿಗ್ನೋಕೇನ್ ಜೊತೆ ಅಡ್ರಿನಲಿನ್ ಇರುತ್ತದೆ. ಅದು ಅಲ್ಲಿನ ರಕ್ತನಾಳ ಬಿಗಿಮಾಡಿ ಔಷಧಿ ಬೇಗ ಹರಿದುಹೋಗದಂತೆ ಹಿಡಿದಿಡುತ್ತದೆ. ಬಾಟಲಿ ಮೇಲೆ 1:80,000 ಅಂತಿದ್ದರೆ ಒಂದು ಮಿಲಿಗೆ 12.5 ಮೈಕ್ರೋಗ್ರಾಂ. ಗಟ್ಟಿ ಹೃದಯಕ್ಕೆ ಅದು ಲೆಕ್ಕಕ್ಕಿಲ್ಲ. ಹೃದ್ರೋಗಿಗೆ ಒಂದು ಸಲಕ್ಕೆ 40 ಮೈಕ್ರೋಗ್ರಾಂ, ಅಂದರೆ ಮೂರು ಮಿಲಿ ಚಿಲ್ಲರೆ, ದಾಟಬಾರದು ಅನ್ನುವುದು ರೂಢಿಯ ಮಿತಿ. ಹಾಗಂತ ಅಡ್ರಿನಲಿನ್ ಬೇಡವೇ ಬೇಡ ಅಂತಲೂ ಇಲ್ಲ. ಜೋಮು ಸರಿಯಾಗಿ ಹಿಡಿಯದೆ ನೋವಾದರೆ ಮೈಯೇ ತನ್ನ ಅಡ್ರಿನಲಿನ್ ಸುರಿಸುತ್ತದೆ, ಅದು ಸಿರಿಂಜಿನಲ್ಲಿರುವುದಕ್ಕಿಂತ ಹೆಚ್ಚಾಗಬಹುದು.

ಇದರ ಮೇಲೆ ಅಪ್ಪನ ಕೀವು. ಕೀವು ತುಂಬಿದ ಜಾಗ ಆಮ್ಲೀಯವಾಗಿರುತ್ತದೆ, ಅಲ್ಲಿ ಲಿಗ್ನೋಕೇನಿನ ಬಹುಪಾಲು ನರದ ಪೊರೆ ದಾಟಲಾಗದ ರೂಪಕ್ಕೆ ತಿರುಗುತ್ತದೆ. ಜೋಮು ಹಿಡಿಯುವುದಿಲ್ಲ. "ಏನಿಲ್ರಿ" ಅನ್ನುವ ಮಾತು ನಂಬಿದ ಡಾಕ್ಟರು ಎರಡನೇ ಡೋಸ್ ಕೊಡುತ್ತಾರೆ, ಮೂರನೇದು ಕೊಡುತ್ತಾರೆ. ಅವರ ಲೆಕ್ಕ ಸರಿಯೇ ಇರುತ್ತದೆ, ಲೆಕ್ಕದೊಳಗಿನ ಮನುಷ್ಯ ಬೇರೆ. ಇನ್ನು ಗುಳಿಗೆ ಬಿಟ್ಟಿದ್ದಂತೂ ಎಲ್ಲಕ್ಕಿಂತ ಅಪಾಯದ್ದು. ಹಲ್ಲು ಕಿತ್ತ ಜಾಗದ ರಕ್ತವನ್ನು ಹತ್ತಿ ಒತ್ತಿ ಹಿಡಿದು ನಿಲ್ಲಿಸಬಹುದು. ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಿದರೆ ಒತ್ತಿ ಹಿಡಿಯಲು ಜಾಗವೇ ಇಲ್ಲ.

ಅಮೆರಿಕದ ಹಾರ್ಟ್‌ಫರ್ಡಿನ ದಂತವೈದ್ಯ ಹೊರೇಸ್ ವೆಲ್ಸ್ 1844ರ ಡಿಸೆಂಬರಿನಲ್ಲಿ ನೈಟ್ರಸ್ ಆಕ್ಸೈಡ್ ಸೇದಿ ತನ್ನದೇ ಹಲ್ಲು ಕೀಳಿಸಿಕೊಂಡ. ಅಲ್ಲಿ ಪ್ರಯೋಗ ಮಾಡುವವನೂ ಅವನೇ, ಬಾಯಿ ತೆರೆದವನೂ ಅವನೇ, ತನ್ನಿಂದ ತಾನೇ ಮುಚ್ಚಿಡುವಂಥದ್ದು ಏನೂ ಇರಲಿಲ್ಲ. ಆಮೇಲಿನ ಎಲ್ಲ ಕುರ್ಚಿಗಳಲ್ಲೂ ಇಬ್ಬರಿದ್ದಾರೆ. 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟು ರೋಗಿಯ ಒಪ್ಪಿಗೆ ಅಂದರೆ ಬರೀ ಸಹಿಯಲ್ಲ, ಬೇಕಾದಷ್ಟು ಮಾಹಿತಿ ಕೊಟ್ಟು ಪಡೆದದ್ದಾಗಿರಬೇಕು ಅಂದಿತು. ಡಾಕ್ಟರೂ ಒಂದು ಒಪ್ಪಿಗೆ ಕೊಡುತ್ತಾರಲ್ಲ, ಈ ಮೈಗೆ ಸೂಜಿ ಚುಚ್ಚುತ್ತೇನೆ ಅಂತ? ಅವರಿಗೆ ಮಾಹಿತಿ ಕೊಡಬೇಕಾದವರು ನಾವು. ಅಪ್ಪ ತನ್ನ ಜೀವವನ್ನಷ್ಟೇ ಪಣಕ್ಕಿಟ್ಟಿರಲಿಲ್ಲ. ಆ ಕುರ್ಚಿಯಲ್ಲೇ ಏನಾದರೂ ಆಗಿದ್ದರೆ ಅದನ್ನು ಜೀವನಪೂರ್ತಿ ಹೊರುವವರು ಆ ಡಾಕ್ಟರು.

ಇಷ್ಟು ಯೋಚಿಸಿ ನಾನು ಗೆದ್ದೆ ಅಂದುಕೊಂಡೆ. ಅಪ್ಪನ ಲೆಕ್ಕ ಬೇರೆಯೇ ಇತ್ತು. "ಹೇಳಿದ್ರ ವಾಪಸ್ ಕಳಿಸ್ತಾರಂತ ನನಗ ಗೊತ್ತಿತ್ತು. ಕಳಿಸಿದ್ರಿಲ್ಲ?" ಅಂದ. ನಿಜ. ಸುಳ್ಳು ಹೇಳಿದ್ದರೆ ಅವತ್ತೇ ನೋವು ಹೋಗುತ್ತಿತ್ತೇನೋ. ನಿಜ ಹೇಳಿದ್ದಕ್ಕೆ ಇನ್ನೊಂದು ಸಲ ಬಸ್ಸು, ತೊಗರಿ ರಾಶಿ ಹೊತ್ತಿನಲ್ಲಿ ಇನ್ನೊಂದು ದಿನ ಹಾಳು, ನಿದ್ದೆಯಿಲ್ಲದ ಮತ್ತಷ್ಟು ರಾತ್ರಿ. ನಿಜಕ್ಕೆ ನಮ್ಮ ಕಡೆ ಬೆಲೆ ಜಾಸ್ತಿ, ಅದನ್ನು ತೆರುವವನು ಯಾವಾಗಲೂ ರೋಗಿ. (ಬಸವಕಲ್ಯಾಣ ಅಂದ ಕೂಡಲೇ ಬೆಂಗಳೂರಿನ ಗೆಳೆಯರಿಗೆ ಅನುಭವ ಮಂಟಪ ನೆನಪಾಗುತ್ತದೆ, ಅಲ್ಲಿನವರೆಲ್ಲ ಸತ್ಯ ನುಡಿಯುವವರೇ ಅನ್ನುವ ಹಾಗೆ ನೋಡುತ್ತಾರೆ. ಅಲ್ಲೂ ಬಸ್ ಚಾರ್ಜ್ ಇದೆ ಮಾರಾಯ್ರೆ.)

ಮೇಲಾಗಿ, ಸುಳ್ಳು ಹೇಳುವುದು ಹಳ್ಳಿಯ ಮುದುಕರಷ್ಟೇ ಅಲ್ಲ. ಆಫೀಸಿನಿಂದ ಬಂದು ಲ್ಯಾಪ್‌ಟಾಪಿನಲ್ಲಿ ಹೆಲ್ತ್ ಇನ್ಶೂರೆನ್ಸ್ ಫಾರ್ಮ್ ತುಂಬುವಾಗ, ಸಿಗರೇಟು ಸೇದುತ್ತೀರಾ ಅನ್ನುವ ಪ್ರಶ್ನೆಗೆ ನಾನೂ "ಇಲ್ಲ" ಟಿಕ್ ಮಾಡಿದವನೇ. ಪ್ರೀಮಿಯಂ ಏರುತ್ತದೆ ಅಂತ. ಅಪ್ಪನದೂ ನನ್ನದೂ ಒಂದೇ ಕಾರಣ, ಅಪ್ಪನಿಗೆ ಮಾತ್ರ ಹಲ್ಲು ನೋಯುತ್ತಿತ್ತು. ಪ್ರೀತಿಯ ಸುಳ್ಳೂ ಇದೆ. ಬಸವಕಲ್ಯಾಣದಲ್ಲಿ ನಮ್ಮ ಅಕ್ಕನ ಮಗನಿಗೆ ಆಪರೇಷನ್ ಇದ್ದ ದಿನ, ಕೂಸು ಉಪಾಸ ಹ್ಯಾಂಗಿರ್ತದ ಅಂತ ಅವನ ಅಜ್ಜಿ ಕದ್ದು ಒಂದು ಲೋಟ ಹಾಲು ಕುಡಿಸಿದ್ದಳು. ಪೂರ್ತಿ ಅರಿವಳಿಕೆ ಕೊಡುವಾಗ ಹಸುವಿನ ಹಾಲಿಗೂ ಊಟದ ಹಾಗೇ 6 ತಾಸಿನ ಅಂತರ ಬೇಕು. ಪ್ರಜ್ಞೆ ತಪ್ಪಿದ ಮೇಲೆ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಪುಪ್ಪುಸಕ್ಕೆ ಇಳಿಯಬಹುದು. ಅಕ್ಕ ನೋಡಿ ಹೇಳಿದಳು, ಆಪರೇಷನ್ ಮುಂದೆ ಹೋಯಿತು, ಅಜ್ಜಿ ಎರಡು ದಿನ ಅಕ್ಕನ ಜೊತೆ ಮಾತಾಡಲಿಲ್ಲ.

ಆದರೆ ಅಪ್ಪ ಮಾತು ಬಿಟ್ಟದ್ದು ಹೇಳಿದ್ದಕ್ಕಲ್ಲ ಅಂತ ನನಗೆ ತಿಳಿದದ್ದು ಮೂರನೇ ದಿನ. ಕೆನ್ನೆಯ ಊತ ಸ್ವಲ್ಪ ಇಳಿದಿತ್ತು. ಕಟ್ಟೆ ಮೇಲೆ ಕೂತು ಚಹಾ ಆರಿಸಿಕೊಂಡು ಕುಡಿಯುತ್ತ ಕೇಳಿದ:

"ಹೇಳಿದ್ದು ಇರ್ಲಿ. ಇಂಗ್ಲಿಷ್‌ನಾಗ ಯಾಕ ಹೇಳ್ದಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಮಾನ ಆಗದಿರಲಿ ಅಂತ ಅಂದೆ. ಅಪ್ಪ ನಕ್ಕ. ಅವನ ಎದೆಯ ಸುದ್ದಿಯನ್ನು ಅವನ ತಲೆಯ ಮೇಲಿಂದ, ಅವನಿಗೆ ತಿಳಿಯದ ಭಾಷೆಯಲ್ಲಿ ದಾಟಿಸಿದ್ದೆ. ಸುಳ್ಳಿನಿಂದ ಅವನು ಡಾಕ್ಟರನ್ನು ಹೊರಗಿಟ್ಟ, ಇಂಗ್ಲಿಷಿನಿಂದ ನಾನು ಅವನನ್ನು ಹೊರಗಿಟ್ಟೆ. "ಅಪ್ಪಾ, ನೀ ಹೇಳ್ತಿ ಏನು, ನಾ ಹೇಳ್ಲಿ?" ಅಂತ ಕೇಳಲು ಎಷ್ಟು ಹೊತ್ತು ಬೇಕಿತ್ತು? ಆಗಲೂ ಅವನು ಒಲ್ಲೆ ಅಂದಿದ್ದರೆ ನಾನು ಹೇಳಿಯೇ ಹೇಳುತ್ತಿದ್ದೆ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅವನ ಕಿವಿಗೆ ಬೀಳುವ ಹಾಗೆ, ಅವನ ಮಾತಿನಲ್ಲಿ.

ಮುಂದಿನ ವಾರ ಮತ್ತೆ ಹುಮನಾಬಾದಿಗೆ ಹೋದೆವು. ಗುಳಿಗೆ ನಿಲ್ಲಿಸದೆಯೇ ಹಲ್ಲು ಕಿತ್ತರು. ಹಿಡಿಸಿದ್ದು ಅರ್ಧ ತಾಸು, ರಕ್ತ ನಿಲ್ಲುವ ತನಕ ಹೊರಗಿನ ಬೆಂಚಿನ ಮೇಲೆ ಹತ್ತಿ ಕಚ್ಚಿ ಕೂಡಿಸಿದ್ದು ಒಂದೂವರೆ ತಾಸು. ಅದಕ್ಕೆ ಮೊದಲು, ಕುರ್ಚಿ ಹತ್ತುವಾಗ, ಅಪ್ಪ ಚೀಲದಿಂದ ಸೋಲಾಪುರದ ಫೈಲು ತೆಗೆದು ನನ್ನ ಕೈಗೆ ಕೊಡದೆ ನೇರ ಡಾಕ್ಟರಿಗೇ ಕೊಟ್ಟ. "ಎಲ್ಲಾ ಇದರಾಗ ಅದರಿ ಸಾಹೇಬ್ರ. ತಿಳೀಲಿಲ್ಲಂದ್ರ ನನ್ನ ಕೇಳ್ರಿ."