ಹರಕೆ ಇಲ್ಲದೆ ಹೊರಟವರು

ಬೈಲಹೊಂಗಲ ಸೀಮೆಯ ಹೆಣ್ಣುಮಗಳು ಗಂಡನ ಗಾಡಿ ಹತ್ತಿ ಊರು ಬಿಟ್ಟಳೆಂದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ತವರಿನಲ್ಲಿ ಕುಬಸ, ನೆಗೆಣ್ಣಿಯ ಮನೆಯಲ್ಲಿ ಲಗ್ನ, ಧಾರವಾಡದ ದವಾಖಾನೆ, ಇಲ್ಲವೇ ಎಲ್ಲಮ್ಮನ ಗುಡ್ಡಕ್ಕೆ ಹೊತ್ತ ಹರಕೆ. ಬರೀ ಹಾದಿ ನೋಡುವುದಕ್ಕೆಂದು ಗಂಡ ಹೆಂಡತಿ ಹೊರಟರೆ ಓಣಿಗೆ ಅದು ತಿಳಿಯುವುದಿಲ್ಲ. ಸಂಕ್ರಾಂತಿ ಮುಗಿದ ಮೇಲೆ ನಾವಿಬ್ಬರೂ ಕಿತ್ತೂರಿನಿಂದ ರಾಮದುರ್ಗದವರೆಗೆ ಹೋಗಿಬರಲೆಂದು ಬುತ್ತಿ ಕಟ್ಟುತ್ತಿದ್ದಾಗ ಪಕ್ಕದ ಮನೆಯ ಆಯಿ ಕೇಳಿದರು: “ಏನ್ ಹರಕಿ ಇತ್ತೇನವಾ?”

“ಹರಕಿ ಇಲ್ರೀ ಆಯೀ. ಸುಮ್ಮನ ಹೊಂಟೀವಿ.”

“ಸುಮ್ಮನ ಯಾರರ ಹೋಗ್ತಾರೇನ?”

ಆಯಿಯ ಮಾತಿನಲ್ಲಿ ಕುಹಕವಿರಲಿಲ್ಲ. ಅವರು ತಮ್ಮ ಇಡೀ ಬಾಳಿನಲ್ಲಿ ಸುಮ್ಮನೆ ಎಲ್ಲಿಗೂ ಹೋಗಿರಲಿಲ್ಲ, ಅಷ್ಟೇ.

ಯುರೋಪಿನ ಕಡೆ ಗಂಡ ಹೆಂಡತಿ ಒಂದೇ ಮೋಟರ್ ಸೈಕಲ್ಲಿನ ಮೇಲೆ ದೇಶದಿಂದ ದೇಶಕ್ಕೆ ತಿರುಗುತ್ತಾರೆ. ಜರ್ಮನಿಯಲ್ಲಿ ನಾಷ್ಟಾ, ಆಸ್ಟ್ರಿಯಾದಲ್ಲಿ ಊಟ, ಇಟಲಿಯಲ್ಲಿ ವಸ್ತಿ. 1985ರ ಶೆಂಗೆನ್ ಒಪ್ಪಂದ 1995ರಲ್ಲಿ ಜಾರಿಗೆ ಬಂದ ಮೇಲೆ ಅಲ್ಲಿನ ಬಹಳಷ್ಟು ಗಡಿಗಳಲ್ಲಿ ತಡೆಯುವವರೇ ಇಲ್ಲವಾದರು. ಇಟಲಿಯ ಸ್ಟೆಲ್ವಿಯೊ ಘಾಟಿನ ಒಂದು ಮಗ್ಗುಲಲ್ಲೇ 48 ತಿರುವು, ಎತ್ತರ 2757 ಮೀಟರ್; ಅದನ್ನು ಹತ್ತುವುದಕ್ಕೆಂದೇ ಜನ ರಜೆ ಹಾಕುತ್ತಾರೆ. ನಮ್ಮ ಕಡೆಯ ಹುಡುಗರೂ ಈಗ ಲೇಹ್‌ವರೆಗೆ ಹೋಗಿಬರುತ್ತಾರೆ. ಆದರೆ ನನ್ನ ಮನಸ್ಸು ನಿಲ್ಲುವುದು ದೂರದ ಲೆಕ್ಕದ ಮೇಲಲ್ಲ. ಆ ದಂಪತಿಗಳನ್ನು ಏಕೆ ಹೊರಟಿರಿ ಎಂದು ಯಾರೂ ಕೇಳುವುದಿಲ್ಲ. ಅವರು ಯಾವ ದೇವರ ಹೆಸರನ್ನೂ ಮುಂದೆ ಮಾಡಬೇಕಾಗಿಲ್ಲ. ಆ ಬಿಡುಗಡೆ ನನಗೆ ದೊಡ್ಡದಾಗಿ ಕಾಣುತ್ತದೆ.

ಕಿತ್ತೂರಿನಿಂದ ಬೈಲಹೊಂಗಲ, ಸವದತ್ತಿ ದಾಟಿ ರಾಮದುರ್ಗ ಮುಟ್ಟಲು ನೂರು ಕಿಲೋಮೀಟರ್ ಆಸುಪಾಸು. ಇಲ್ಲಿಯೂ ಒಂದು ಕಾಲಕ್ಕೆ ರಾಜ್ಯದಿಂದ ರಾಜ್ಯಕ್ಕೆ ಹೋಗುವ ಹಾದಿಯೇ ಇತ್ತು. ಕಿತ್ತೂರು ದೇಸಾಯರ ಸಂಸ್ಥಾನ. ರಾಮದುರ್ಗ ಭಾವೆ ಮನೆತನದ ಸಂಸ್ಥಾನ, 1948ರ ಮಾರ್ಚಿನಲ್ಲಿ ಮುಂಬಯಿ ಪ್ರಾಂತಕ್ಕೆ ಸೇರುವವರೆಗೆ ಅದರ ಆಳ್ವಿಕೆಯೇ ಬೇರೆ. ಇಂದು ಆ ಗಡಿ ಎಲ್ಲಿತ್ತೆಂದು ಹಾದಿಯಲ್ಲಿ ಹುಡುಕಿದರೂ ಸಿಗದು. ಎರಡೂ ಬದಿಗೆ ಎರೆಭೂಮಿ, ಕಡಲೆ, ಬಿಳಿಜೋಳ, ಕಬ್ಬು ಹೇರಿದ ಟ್ರ್ಯಾಕ್ಟರು. ನೆಲದ ಗಡಿಗಳು ಇಷ್ಟು ಸುಲಭವಾಗಿ ಅಳಿದ ಸೀಮೆಯಲ್ಲಿ ಹೆಣ್ಣಿನ ತಿರುಗಾಟಕ್ಕೆ ಹಾಕಿದ ಗಡಿ ಮಾತ್ರ ಏಕೆ ಇನ್ನೂ ಗಟ್ಟಿಯಾಗಿದೆ?

ಅದೂ ಯಾವ ಸೀಮೆ! ಕಾಕತಿಯಲ್ಲಿ ಹುಟ್ಟಿದ ಕಿತ್ತೂರಿನ ರಾಣಿ ಚೆನ್ನಮ್ಮ ಎಳೆತನದಲ್ಲೇ ಕುದುರೆ ಹತ್ತಲು ಕಲಿತವಳು. ಗಂಡ ಮಲ್ಲಸರ್ಜ ತೀರಿದ, ಮಗ ತೀರಿದ, ದತ್ತು ಮಗನನ್ನು ಕಂಪನಿ ಸರಕಾರ ಒಪ್ಪಲಿಲ್ಲ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕೋಟೆಯ ಮುಂದೆ ಬಿದ್ದ. ಆ ಡಿಸೆಂಬರಿನಲ್ಲಿ ಕೋಟೆ ಹೋಯಿತು. ರಾಣಿಯನ್ನು ಬೈಲಹೊಂಗಲದಲ್ಲಿ ಸೆರೆಯಿಟ್ಟರು. 1829ರಲ್ಲಿ ಅಲ್ಲಿಯೇ ತೀರಿಕೊಂಡಳು. ಕಿತ್ತೂರಿನಿಂದ ಬೈಲಹೊಂಗಲಕ್ಕೆ ನಮ್ಮ ಗಾಡಿಯ ಮೇಲೆ ಗಂಟೆಯೊಳಗಿನ ಹಾದಿ. ಲಗಾಮು ಹಿಡಿದವಳನ್ನು ಗೋಡೆಗಳ ನಡುವೆ ಕೂಡಿಸಿದ್ದು ಕುದುರೆಯ ಒಂದು ಓಟದಷ್ಟು ದೂರದಲ್ಲಿ ಎಂಬುದು ಸಮಾಧಿಯ ಮುಂದೆ ನಿಂತಾಗ ಎದೆಗೆ ತಾಗುತ್ತದೆ. ಕಿತ್ತೂರಿನಲ್ಲಿ 1969ರಿಂದ ಅವಳ ಹೆಸರಿನ ಹೆಣ್ಣುಮಕ್ಕಳ ಸೈನಿಕ ಶಾಲೆ ಇದೆ. ಅಲ್ಲಿ ಹುಡುಗಿಯರು ಕುದುರೆ ಸವಾರಿ ಕಲಿಯುತ್ತಾರೆ. ಆದರೆ ಅದೇ ರಸ್ತೆಯಲ್ಲಿ ಎದುರಾಗುವ ಗಾಡಿಗಳನ್ನು ನೋಡಿ. ಮುಂದೆ ಕೂತವನ ತಲೆಗೆ ಹೆಲ್ಮೆಟ್ ಇದೆ. ಹಿಂದೆ ಒಂದೇ ಮಗ್ಗುಲಿಗೆ ಕಾಲು ಇಳಿಬಿಟ್ಟು, ತೊಡೆಯ ಮೇಲೆ ಕೂಸು, ಕೈಯಲ್ಲಿ ಚೀಲ ಹಿಡಿದು ಕೂತವಳ ತಲೆಯ ಮೇಲೆ ಸೆರಗು ಬಿಟ್ಟರೆ ಏನೂ ಇಲ್ಲ.

ಕಾನೂನು ಅವಳನ್ನು ಮರೆತಿಲ್ಲ. ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ. ಅವರು ಹಿಡಿದುಕೊಳ್ಳಲು ಹಿಡಿಕೆ, ಪಾದ ಊರಲು ಆಸರೆ, ಸೀರೆ ಸಿಗದಂತೆ ಹಿಂದಿನ ಗಾಲಿಯ ಅರ್ಧದಷ್ಟಾದರೂ ಮುಚ್ಚುವ ಜಾಳಿಗೆ ಗಾಡಿಗೆ ಇರಬೇಕೆಂದು ಕೇಂದ್ರದ ಮೋಟಾರು ವಾಹನ ನಿಯಮಗಳಲ್ಲಿ ಬರೆದಿದೆ. ಮರೆತವರು ಮನೆಯವರು. ಒಂದೇ ಗಾಡಿ, ಒಂದೇ ರಸ್ತೆ, ಬಿದ್ದರೆ ಇಬ್ಬರೂ ಬೀಳುವವರೇ. ಹಾಗಿದ್ದೂ ಒಂದು ತಲೆಗೆ ಬೆಲೆ ಇದೆ, ಇನ್ನೊಂದಕ್ಕೆ ಇಲ್ಲ ಎಂದು ದಿನಾಲೂ ಬೀದಿಯಲ್ಲಿ ತೋರಿಸುತ್ತ ಓಡಾಡುತ್ತೇವೆ. ನಮ್ಮ ಮನೆಯವರು ಮದುವೆಯಾದ ಹೊಸತರಲ್ಲಿಯೇ ಎರಡು ಹೆಲ್ಮೆಟ್ ತಂದಿದ್ದರು. ಅವರ ಮೇಲಿನ ನನ್ನ ಗೌರವಕ್ಕೆ ಅದೂ ಒಂದು ಕಾರಣ.

ಮುನವಳ್ಳಿ ದಾಟಿ ನವಿಲುತೀರ್ಥದ ಕಡೆ ಹೊರಳಿದರೆ ಮಲಪ್ರಭೆ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಇಲ್ಲಿ ಗುಡ್ಡ ಸೀಳಿಕೊಂಡು ಹೊರಬಿದ್ದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಹೊಳೆ. ಗುಡ್ಡದ ಸಂದಿಗೆ ಅಣೆಕಟ್ಟು ಕಟ್ಟಿದ್ದಾರೆ, ಹಿಂದೆ ನಿಂತ ನೀರಿಗೆ ರೇಣುಕಾಸಾಗರವೆಂದು ಹೆಸರು. ನಾನು ಇಲ್ಲಿ ನಿಲ್ಲಿಸಿರೆಂದೆ. ಅವರು ನಿಲ್ಲಿಸಿದರು. ಆ ನೀರಿನ ಮುಂದೆ ಕೂತು ಬುತ್ತಿ ಬಿಚ್ಚಿದಾಗ ನೆನಪಾದದ್ದು ಸಾಗರಕ್ಕೆ ಹೆಸರು ಕೊಟ್ಟವಳು.

ರೇಣುಕೆಯ ಕಥೆ ಈ ಕಡೆಯ ಕೂಸಿಗೂ ಗೊತ್ತು. ಮರಳಿನ ಕೊಡ ಮಾಡಿ, ಹಾವನ್ನು ಸಿಂಬಿ ಮಾಡಿಕೊಂಡು ದಿನಾ ನೀರು ತರುತ್ತಿದ್ದಳು. ಒಂದು ದಿನ ಹೊಳೆಯಲ್ಲಿ ಗಂಧರ್ವರು ಜಲಕ್ರೀಡೆ ಆಡುತ್ತಿದ್ದರು. ಅವಳು ನಿಂತು ನೋಡಿದಳು. ಅಷ್ಟಕ್ಕೇ ಮರಳಿನ ಕೊಡ ನಿಲ್ಲದಾಯಿತು, ಗಂಡ ಜಮದಗ್ನಿ ಸಂಶಯಪಟ್ಟ, ಮಗನ ಕೊಡಲಿಯಿಂದ ತಲೆ ಹೋಯಿತು. ಆಮೇಲೆ ಮಗನೇ ಬೇಡಿ ಜೀವ ಕೊಡಿಸಿದ. ಅವಳ ತಪ್ಪೇನೆಂದು ನಾನು ಬಹಳ ಸಲ ಕೇಳಿಕೊಂಡಿದ್ದೇನೆ. ಕೆಲಸಕ್ಕೆಂದು ಹೊಳೆಗೆ ಹೋದವಳು ಕೆಲಸದ ನಡುವೆ ಒಂದು ಗಳಿಗೆ ಚೆಂದವಾದದ್ದನ್ನು ನೋಡಿದಳು. ಮನೆಗೆ ತಡವಾಯಿತು. ನನಗೆ ಕಾಣುವ ತಪ್ಪು ಇಷ್ಟೇ. ಹಾದಿಯಲ್ಲಿ ನಿಂತು ನೋಡಿದ್ದಕ್ಕೆ ಶಿಕ್ಷೆಯಾದ ಆ ಹೆಣ್ಣನ್ನೇ ನಮ್ಮ ಜನ ಎಲ್ಲಮ್ಮನೆಂದು ಸವದತ್ತಿಯ ಗುಡ್ಡದ ಮೇಲೆ ಕೂಡಿಸಿ, ಭಂಡಾರ ಹಾರಿಸಿ, ಉಧೋ ಉಧೋ ಎಂದು ಕೂಗಿ ಕರೆಯುತ್ತ ಬಂದಿದ್ದಾರೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಲಕ್ಷಗಟ್ಟಲೆ ಹೆಣ್ಣುಮಕ್ಕಳು ಗುಡ್ಡ ಹತ್ತುತ್ತಾರೆ. ಮನೆ ಬಿಟ್ಟು ಹೊರಬೀಳಲು, ಬಯಲಲ್ಲಿ ಒಲೆ ಹೂಡಿ ಉಣ್ಣಲು, ಗೆಳತಿಯರೊಡನೆ ನಕ್ಕು ಮಲಗಲು ಅವರಿಗೆ ಸಿಗುವ ಅಪ್ಪಣೆಯ ಚೀಟಿ ಹರಕೆ. ಭಕ್ತಿ ಸುಳ್ಳೆಂದು ನಾನು ಹೇಳುತ್ತಿಲ್ಲ. ಭಕ್ತಿಯ ಜೊತೆಗೆ ಹಾದಿಯ ಹಂಬಲವೂ ಆ ಚಕ್ಕಡಿಗಳಲ್ಲಿ ಕೂತು ಬಂದಿದೆ ಎನ್ನುತ್ತಿದ್ದೇನೆ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ತಿಕೀಟಿಲ್ಲ ಎಂದಾದಾಗ ಸವದತ್ತಿ ಬಸ್ಸುಗಳು ತುಂಬಿ ತುಳುಕಿದವು. “ಹೆಂಗಸೂರ ಸುಮ್ಮನ ತಿರಗಾಕ ಹತ್ಯಾರ” ಎಂದು ಕಟ್ಟೆಯ ಮೇಲೆ ಕೂತವರು ಸಿಟ್ಟಾದರು. ಯೋಜನೆಯ ಖರ್ಚಿನ ಬಗ್ಗೆ ವಾದ ಮಾಡಲಿ, ಮಾಡಬೇಕು. ಆದರೆ ಸುಮ್ಮನೆ ತಿರುಗುವುದೇ ಅಪರಾಧ ಎಂಬ ಆ ಸಿಟ್ಟು ಜಮದಗ್ನಿಯದೇ.

ಸವದತ್ತಿಯಿಂದ ರಾಮದುರ್ಗದ ಕಡೆ ಹಾದಿ ಒಣಗುತ್ತ ಹೋಗುತ್ತದೆ. ಸುರೇಬಾನದ ಹತ್ತಿರ ಶಬರಿಕೊಳ್ಳ. ರಾಮ ಬರುವನೆಂದು ಶಬರಿ ಕಾದ ಜಾಗವೆಂದು ಜನ ನಂಬುತ್ತಾರೆ. ಕಾಯುವ ಹೆಂಗಸರ ಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅಲ್ಲಿ ಬಹಳ ಹೊತ್ತು ಕೂಡಬೇಕೆನಿಸಲಿಲ್ಲ, ನೀರು ಕುಡಿದು ಮುಂದೆ ಹೊರಟೆವು.

ಗಾಡಿ ಇದ್ದ ಮನೆಗಳ ಗಂಡಸರಿಗೆ ನನ್ನದೊಂದು ಕೇಳಿಕೆ. ಹಬ್ಬ, ಲಗ್ನ, ದವಾಖಾನೆ ಇಲ್ಲದ ಒಂದು ದಿನ ಹುಡುಕಿ. ಹೆಂಡತಿಯ ತಲೆಗೂ ಸರಿಯಾದ ಹೆಲ್ಮೆಟ್ ಕೊಡಿಸಿ. ಕಬ್ಬಿನ ಹಂಗಾಮಿನಲ್ಲಿ ಹಿಂದೀಪವಿಲ್ಲದ ಟ್ರೇಲರುಗಳು ರಸ್ತೆಯಲ್ಲಿರುತ್ತವೆ, ಹೊತ್ತು ಮುಳುಗುವ ಮೊದಲೇ ಊರು ಸೇರಿಕೊಳ್ಳಿ. ಯಾವ ಹಾದಿ, ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು ಎಂಬುದನ್ನು ಆ ದಿನ ಆಕೆಯೇ ಹೇಳಲಿ. ಆಕೆಗೆ ಗಾಡಿ ಹೊಡೆಯಲು ಬಂದರೆ ಹ್ಯಾಂಡಲ್ ಕೊಟ್ಟು ನೀವು ಹಿಂದೆ ಕೂಡಿ.