ಏನೂ ಇಲ್ವಂತೆ

ಎಂಡೋಸ್ಕೋಪಿ ರಿಪೋರ್ಟಿನಲ್ಲಿ ಅನ್ನನಾಳ, ಜಠರ, ಸಣ್ಣಕರುಳಿನ ಮೊದಲ ಭಾಗ ಮೂರರ ಎದುರಿಗೂ ನಾರ್ಮಲ್ ಅಂತ ಬರೆದಿದ್ದರೆ ಖುಷಿಪಡಬೇಕು ತಾನೆ? ಹುಣ್ಣಿಲ್ಲ, ಗಡ್ಡೆಯಿಲ್ಲ, ರಕ್ತ ಒಸರುತ್ತಿಲ್ಲ. ಖುಷಿಪಡಲೇಬೇಕು. ಆದರೆ ಆ ಕಾಗದ ಆಸ್ಪತ್ರೆಯಿಂದ ಮನೆಗೆ ಬರುವಷ್ಟರಲ್ಲಿ ಅರ್ಥವೇ ಬದಲಾಗಿರುತ್ತದೆ. ಹುಣ್ಣಿಲ್ಲ ಅನ್ನೋದು ‘ಏನೂ ಇಲ್ವಂತೆ’ ಆಗುತ್ತೆ. ಎರಡು ದಿನ ಕಳೆದರೆ ‘ಸುಮ್ನೆ ನಾಟಕ’ ಆಗುತ್ತೆ.

ನಮ್ಮೂರಲ್ಲಿ ದೊಡ್ಡಮ್ಮ ಒಬ್ಬರಿಗೆ ಹೀಗೇ ಆಯ್ತು. ಎರಡು ತುತ್ತು ಮುದ್ದೆ ನುಂಗಿದರೆ ಹೊಟ್ಟೆ ಬಿಗಿದುಕೊಳ್ಳೋದು, ಆಮೇಲೆ ಎದೆಗೂಡಿನ ಕೆಳಗೆ ಉರಿ. ಪೇಟೆಗೆ ಕರ್ಕೊಂಡು ಹೋಗಿ, ಗಂಟಲಿಗೆ ಮರಗಟ್ಟಿಸೋ ಸ್ಪ್ರೇ ಹೊಡೆಸಿ, ಪೈಪ್ ಇಳಿಸಿ ನೋಡಿಸಿದರು. ನಾರ್ಮಲ್. ಅವತ್ತಿನಿಂದ ಅವರು ಹೊಟ್ಟೆ ಹಿಡ್ಕೊಂಡು ಕೂತರೆ ಮನೇಲಿ ಯಾರೂ ತಿರುಗಿ ನೋಡಲ್ಲ. ‘ಅಷ್ಟು ದುಡ್ಡು ಸುರಿದು ನೋಡ್ಸಿದ್ದಾಯ್ತಲ್ಲ’ ಅಂತಾರೆ. ಹೊಟ್ಟೆಉರಿ ಅನ್ನೋ ಮಾತಿಗೆ ಇನ್ನೊಂದು ಅರ್ಥ ಇರೋದರಿಂದ ನಗೋರಿಗೂ ಅನುಕೂಲ.

ಒಬ್ಬರು ನೋವಿದೆ ಅಂದಾಗ ನಂಬೋಕೆ ನಮಗೆ ಫೋಟೋ ಯಾಕೆ ಬೇಕು?

ಆ ಕ್ಯಾಮೆರಾ ನೋಡೋದು ಒಳಪದರದ ಮೇಲ್ಮೈಯನ್ನು. ಊಟ ಇಳಿದಾಗ ಜಠರ ಸಡಿಲವಾಗುತ್ತಿದೆಯಾ, ಅಲ್ಲಿನ ನರಗಳು ಸಣ್ಣದಕ್ಕೂ ಕೂಗಿಕೊಳ್ಳುತ್ತಿವೆಯಾ ಅನ್ನೋದು ಅದಕ್ಕೆ ಕಾಣಲ್ಲ. ವೈದ್ಯರು ಇದನ್ನು ಫಂಕ್ಷನಲ್ ಡಿಸ್ಪೆಪ್ಸಿಯಾ ಅಂತ ಹೆಸರಿಟ್ಟೇ ಕರೀತಾರೆ. ಅಜೀರ್ಣದ ತೊಂದರೆಗೆ ಎಂಡೋಸ್ಕೋಪಿ ಮಾಡಿಸಿಕೊಂಡವರಲ್ಲಿ ಹೆಚ್ಚಿನವರಿಗೆ ನೋವಿಗೆ ಕಾರಣ ಅನ್ನುವಂಥದ್ದು ಏನೂ ಸಿಗುವುದಿಲ್ಲ. ಅಷ್ಟೂ ಜನ ನಾಟಕದವರಾ? ಆಪ್ ನಿಂತುಹೋಗ್ತಿದೆ ಅಂತ ಯೂಸರ್ ಹೇಳಿದಾಗ, ಲಾಗ್‌ನಲ್ಲಿ ಎರರ್ ಇಲ್ಲ ಅಂತ ಟಿಕೆಟ್ ಕ್ಲೋಸ್ ಮಾಡೋರು ನಮ್ಮ ಆಫೀಸುಗಳಲ್ಲೂ ಇದ್ದಾರೆ. ಲಾಗ್ ಹಾಕದ ಜಾಗದಲ್ಲಿ ಎರರ್ ಎಲ್ಲಿಂದ ಕಾಣಬೇಕು?

ಹುಣ್ಣು ಕಣ್ಣಿಗೆ ಕಂಡವರೂ ಬಚಾವಾಗಿರಲಿಲ್ಲ. ಟೆನ್ಷನ್ ಜಾಸ್ತಿ, ಖಾರ ಜಾಸ್ತಿ, ಸಿಟ್ಟು ಜಾಸ್ತಿ ಅಂತ ದಶಕಗಳ ಕಾಲ ಅವರಿಗೇ ಬುದ್ಧಿ ಹೇಳಲಾಯಿತು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಜಠರದಲ್ಲಿದ್ದ ಒಂದು ಬ್ಯಾಕ್ಟೀರಿಯಾದ ಕಡೆ ಬೆರಳು ತೋರಿಸಿದಾಗ ನಂಬಿದವರು ಕಡಿಮೆ. 1984ರಲ್ಲಿ ಮಾರ್ಷಲ್ ಅದನ್ನು ತಾನೇ ಕುಡಿದು ಜಠರದ ಉರಿಯೂತ ಬರಿಸಿಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಇವತ್ತು ಹೆಲಿಕೋಬ್ಯಾಕ್ಟರ್ ಪೈಲೋರಿಗೆ ಆ್ಯಂಟಿಬಯೋಟಿಕ್ ಕೊಡ್ತಾರೆ. ಬೈಸಿಕೊಂಡವರಿಗೆ ಯಾರೂ ಕ್ಷಮೆ ಕೇಳಿದ ಹಾಗೆ ಕಾಣೆ.

ನಂಬೋದು ಅಂದರೆ ವರ್ಷಕ್ಕೊಂದು ಸಲ ಪೈಪ್ ಹಾಕಿಸೋದಲ್ಲ. ಅದು ಬೇರೆ ಥರದ ಹಿಂಸೆ. ಹೇಗೆ ನೋಯುತ್ತೆ, ಏನು ತಿಂದಾಗ ನೋಯುತ್ತೆ ಅಂತ ಕೇಳಿ, ವೈದ್ಯರು ಕೊಟ್ಟ ಮಾತ್ರೆ ತಗೊಂಡ್ರಾ ಅಂತ ವಿಚಾರಿಸೋದು. ಹಾಗಾದ್ರೆ ನಾಟಕ ಆಡೋರೇ ಇಲ್ವಾ ಅಂತೀರಿ. ಇರಬಹುದು. ಅವರನ್ನು ನಂಬಿದರೆ ನನ್ನ ಅರ್ಧ ಗಂಟೆ ಹೋಗುತ್ತೆ, ಹೋಗಲಿ. ನಿಜವಾಗಿ ನೋಯುತ್ತಿರೋರನ್ನು ನಂಬದೇ ಹೋದರೆ ಅವರು ಹೇಳೋದನ್ನೇ ಬಿಡ್ತಾರೆ. ಮುಂದೊಂದು ದಿನ ಮಲ ಕಪ್ಪಗೆ ಹೋದರೆ, ತೂಕ ಇಳಿದರೆ, ಅನ್ನ ಗಂಟಲಲ್ಲೇ ನಿಂತರೆ ಆಗ ನಿಜಕ್ಕೂ ಓಡಬೇಕು. ಅದನ್ನು ಅವರು ಯಾರ ಹತ್ತಿರ ಹೇಳ್ತಾರೆ?