ಕಣ್ಣೂ ಅರಿವೂ



ಕಣ್ಣಿಗೆ ಕಂಡದ್ದೇ ಸತ್ಯವೆಂದು ನಂಬುವುದು ಲೋಕರೂಢಿ. "ಕಣ್ಣಾರೆ ಕಂಡಿದ್ದೇನೆ" ಎಂದೊಡನೆ ವಾದ ಮುಗಿದಂತೆಯೇ ಸರಿ. ಆದರೆ ಕಾಣುವ ಕಣ್ಣನ್ನೇ ಪರೀಕ್ಷೆಗೆ ಒಡ್ಡಬೇಕೆಂದು ಅಧ್ಯಾಪಕರೊಬ್ಬರು ಮಕ್ಕಳಿಗೆ ಕಲಿಸಿದರೆ, ಅದು ಶ್ರದ್ಧೆಗೆ ಹಾನಿಯೋ, ಸಹಾಯವೋ? ಈ ಪ್ರಶ್ನೆಯು ಶ್ರೀಮಠದ ಬಾಗಿಲಿಗೇ ಬಂದ ಸಂದರ್ಭವೊಂದನ್ನು ನಿಮ್ಮ ಮುಂದಿಡುತ್ತೇವೆ.

ಭಕ್ತರೊಬ್ಬರು ಒಂದು ದಿನ ಬಹಳ ನೊಂದುಕೊಂಡು ಬಂದರು. ಅವರ ಮಗ ಪ್ರೌಢಶಾಲೆಯ ವಿದ್ಯಾರ್ಥಿ. ವಿಜ್ಞಾನದ ಉಪಾಧ್ಯಾಯರು ಹಲಗೆಯ ನಡುವೆ ಒಂದು ಚುಕ್ಕೆಯಿಟ್ಟು, ಅದನ್ನೇ ಎವೆಯಿಕ್ಕದೆ ನೋಡಿರೆಂದರಂತೆ. ಕೆಲವು ಕ್ಷಣಗಳಲ್ಲಿಯೇ ಸುತ್ತಲಿದ್ದ ಮಸುಕಾದ ಗುರುತುಗಳು ಕರಗಿಹೋದವು. ಹುಡುಗನು ಮನೆಗೆ ಬಂದು, "ತಾತ, ಪೂಜೆಯಲ್ಲಿ ಲಿಂಗ ನೋಡ್ತಾ ನೋಡ್ತಾ ಸುತ್ತಲಿನದೆಲ್ಲ ಮಾಯವಾಗುತ್ತೆ ಅಂತೀರಲ್ಲ, ಅದು ಬರೀ ಕಣ್ಣಿನ ದಣಿವು" ಎಂದುಬಿಟ್ಟನು. ಅರವತ್ತು ವರ್ಷ ತಪ್ಪದೆ ಲಿಂಗಾರ್ಚನೆ ಮಾಡಿದ ಆ ವೃದ್ಧರು ಅಂದು ಪ್ರಸಾದವನ್ನೂ ಸ್ವೀಕರಿಸಲಿಲ್ಲ. "ಬುದ್ಧೀ, ಆ ಮೇಷ್ಟ್ರಿಗೆ ತಾವೊಂದು ಮಾತು ಹೇಳಬೇಕು" ಎಂಬುದು ತಂದೆಯ ಬಿನ್ನಹ.

ನಾವು ಉಪಾಧ್ಯಾಯರನ್ನು ಬರಮಾಡಿಕೊಂಡೆವು. ಹೇಳುವುದಕ್ಕಿಂತ ಮೊದಲು ಕೇಳುವುದು ಧರ್ಮವಲ್ಲವೇ? ಅವರು ವಿನಯದಿಂದಲೇ ವಿವರಿಸಿದರು. ಈ ಸಂಗತಿಯನ್ನು 1804ರಲ್ಲಿಯೇ ಸ್ವಿಟ್ಜರ್ಲೆಂಡಿನ ವೈದ್ಯ ಟ್ರಾಕ್ಸ್‌ಲರ್ ಗುರುತಿಸಿದ್ದನು. ದೃಷ್ಟಿಯನ್ನು ಒಂದೆಡೆ ನೆಟ್ಟಾಗ, ಅಂಚಿನಲ್ಲಿ ಬದಲಾಗದೆ ಉಳಿದ ವಸ್ತುವಿಗೆ ದೃಷ್ಟಿವ್ಯವಸ್ಥೆಯು ಒಗ್ಗಿಹೋಗಿ ಸ್ಪಂದಿಸುವುದನ್ನು ಕಡಿಮೆ ಮಾಡುತ್ತದೆ. ಅದು ದಣಿವೆಂದು ತಾವು ಹೇಳಲಿಲ್ಲ, ಲಿಂಗಪೂಜೆಯ ಮಾತನ್ನಂತೂ ಎತ್ತಲೇ ಇಲ್ಲ ಎಂದರು. ಹುಡುಗನು ಅರ್ಧ ಕೇಳಿ ಪೂರ್ಣ ತೀರ್ಪು ಕೊಟ್ಟಿದ್ದನು. ಅವನು ತನ್ನ ಕಣ್ಣನ್ನು ಪ್ರಶ್ನಿಸಿದ್ದನೇ ಹೊರತು ತನ್ನ ತೀರ್ಮಾನವನ್ನು ಪ್ರಶ್ನಿಸಿರಲಿಲ್ಲ.

ಆಗ ನಮಗೆ ನಮ್ಮ ಬಾಲ್ಯ ನೆನಪಾಯಿತು. ವಟುವಾಗಿದ್ದ ಕಾಲದಲ್ಲಿ, ಎಡದ ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿಕೊಂಡು ದೃಷ್ಟಿ ನೆಟ್ಟು ಕುಳಿತಿದ್ದ ಒಂದು ಬೆಳಗಿನ ಜಾವ, ಅಂಗೈಯೂ ಗೋಡೆಯೂ ಕಾಣದಾದವು. ಮಹತ್ತಾದುದೇನೋ ಸಿದ್ಧಿಸಿತೆಂದು ಹಿಗ್ಗಿ ಗುರುಗಳ ಬಳಿಗೆ ಓಡಿದೆವು. ಅವರು ನಸುನಕ್ಕು, "ಗೋಡೆ ಮಾಯವಾಯಿತು, ಸರಿ. ನಿನ್ನೆ ಜಗಳವಾಡಿದ ಹುಡುಗನ ಮೇಲಿನ ಸಿಟ್ಟು ಮಾಯವಾಯಿತೇನು?" ಎಂದು ಕೇಳಿದರು. ಸಿಟ್ಟು ಇದ್ದಲ್ಲಿಯೇ ಇತ್ತು. ಗುರುಗಳು ಟ್ರಾಕ್ಸ್‌ಲರನ ಹೆಸರನ್ನು ಕೇಳಿದವರಲ್ಲ. ಆದರೆ ಕಣ್ಣಿಗೆ ತೋರುವುದು ಬೇರೆ, ಅನುಭಾವ ಬೇರೆ ಎಂಬುದನ್ನು ಬಲ್ಲವರಾಗಿದ್ದರು. ದೃಷ್ಟಿ ನೆಡುವುದು ಮನಸ್ಸನ್ನು ನಿಲ್ಲಿಸುವ ಸಾಧನ. ಸಾಧನದಲ್ಲಿ ತೋರುವ ಚಿಹ್ನೆಯೇ ಸಾಧ್ಯವಲ್ಲ.

ಉಪಾಧ್ಯಾಯರು ಹೊರಡುವ ಮುನ್ನ ಇನ್ನೊಂದು ಪ್ರಯೋಗವನ್ನು ತೋರಿಸಿದರು. ವಾಚಕರು ತಾವೂ ಮಾಡಿ ನೋಡಬಹುದು. ಬಿಳಿಯ ಹಾಳೆಯ ಮೇಲೆ 8 ಸೆಂಟಿಮೀಟರ್ ಅಂತರದಲ್ಲಿ ಎಡಕ್ಕೊಂದು, ಬಲಕ್ಕೊಂದು ಚುಕ್ಕೆಯಿಡಿ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಎಡದ ಚುಕ್ಕೆಯನ್ನೇ ನೋಡುತ್ತಾ ಹಾಳೆಯನ್ನು ಮೆಲ್ಲನೆ ಹತ್ತಿರಕ್ಕೆ ತನ್ನಿ. ಸುಮಾರು 30 ಸೆಂಟಿಮೀಟರ್ ದೂರದಲ್ಲಿ ಬಲದ ಚುಕ್ಕೆ ಕಾಣದಾಗುತ್ತದೆ. ಫ್ರಾನ್ಸಿನ ಮಾರಿಯೋಟ್ 1660ರ ದಶಕದಲ್ಲಿ ಕಂಡುಹಿಡಿದ ಅಂಧಬಿಂದುವಿದು. ದೃಷ್ಟಿನರವು ಕಣ್ಣಿನಿಂದ ಹೊರಡುವ ಆ ಎಡೆಯಲ್ಲಿ ಬೆಳಕನ್ನು ಗ್ರಹಿಸುವ ಕೋಶಗಳೇ ಇಲ್ಲ. ಆದರೂ ಅಲ್ಲಿ ತೂತು ಕಾಣುವುದಿಲ್ಲ. ಬಿಳಿಯ ಹಾಳೆಯೇ ಕಾಣುತ್ತದೆ. ಇಲ್ಲದುದನ್ನು ಮಿದುಳು ತಾನೇ ತುಂಬಿಕೊಳ್ಳುತ್ತದೆ. ಕಾಣುತ್ತಿಲ್ಲವೆಂಬುದೇ ನಮಗೆ ಕಾಣುವುದಿಲ್ಲ!

ಭಕ್ತರೇ, ಈ ಅಂಧಬಿಂದು ಕಣ್ಣಿಗೆ ಮಾತ್ರ ಸೀಮಿತವೇ? ಎದುರಿಗೆ ಬಂದ ಮನುಷ್ಯನನ್ನು ನೋಡುವ ಮೊದಲೇ ಅವನ ಜಾತಿಯನ್ನು, ಉಡುಪನ್ನು, ಊರನ್ನು ನೋಡಿ ಉಳಿದುದನ್ನು ನಾವೇ ತುಂಬಿಕೊಳ್ಳುತ್ತೇವೆ. ಪ್ರಸಾದನಿಲಯಕ್ಕೆ ಸೇರಲು ಬಂದ ಬಾಲಕನೊಬ್ಬನ ಹರಿದ ಅಂಗಿಯನ್ನು ಕಂಡು, ಇವನಿಗೆ ವಿದ್ಯೆ ಹತ್ತಲಾರದೆಂದು ನಾವೂ ಒಮ್ಮೆ ಎಣಿಸಿದ್ದುಂಟು. ಆ ವರ್ಷ ತರಗತಿಗೇ ಮೊದಲಿಗನಾದವನು ಅವನೇ. ಕಾವಿಯೂ ವಿಭೂತಿಯೂ ಅಂಧಬಿಂದುವನ್ನು ತಾವಾಗಿಯೇ ಅಳಿಸುವುದಿಲ್ಲವೆಂದು ಅಂದು ತಿಳಿಯಿತು.

ಇದಕ್ಕೆ ಪರಿಹಾರವೇನು? ಪರಿಹಾರವೂ ಕಣ್ಣಿನಲ್ಲಿಯೇ ಇದೆ. ಎರಡೂ ಕಣ್ಣು ತೆರೆದಾಗ ಒಂದು ಕಾಣದ ಎಡೆಯನ್ನು ಇನ್ನೊಂದು ಕಾಣುತ್ತದೆ. ಪ್ರಶ್ನೆಯೆಂಬುದು ನಮ್ಮ ಎರಡನೆಯ ಕಣ್ಣು. 12ನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಒಬ್ಬರನ್ನೊಬ್ಬರು ಪ್ರಶ್ನಿಸಿ ಅರಿತರು. ಶೂನ್ಯಸಂಪಾದನೆಯ ರಚನೆಯೇ ಸಂವಾದ. ಅಲ್ಲಿ ಅಕ್ಕಮಹಾದೇವಿಯೂ ಸಿದ್ಧರಾಮರೂ ಅಲ್ಲಮಪ್ರಭುವಿನ ಕಠಿಣ ಪ್ರಶ್ನೆಗಳನ್ನು ಎದುರಿಸಿಯೇ ಮುಂದೆ ಸಾಗುತ್ತಾರೆ. ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿ 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದಾಗ ನೊಂದುಕೊಂಡ ಶ್ರದ್ಧಾವಂತರುಂಟು. ಶರಣಧರ್ಮದ ನೆಲೆ ಪವಾಡದಲ್ಲಿಲ್ಲ, ಆಚಾರದಲ್ಲಿದೆ ಎಂದು ಬಲ್ಲವನಿಗೆ ಅಂತಹ ಪರೀಕ್ಷೆಯ ಭಯವೇಕೆ? ನಮ್ಮ ಶಾಸ್ತ್ರವು ಕಣ್ಣನ್ನು ಶಿವಲಿಂಗದ ನೆಲೆಯೆಂದು ಹೇಳಿ, ರೂಪವನ್ನು ಅಲ್ಲಿ ಅರ್ಪಿಸೆನ್ನುತ್ತದೆ. ಅರ್ಪಿಸುವ ಮುನ್ನ ಪದಾರ್ಥವನ್ನು ಶೋಧಿಸಬೇಡವೇ?

ಆದರೆ ಪ್ರಶ್ನೆಗೂ ಒಂದು ಆಚಾರವುಂಟು. ಅನ್ಯರ ಕಣ್ಣನ್ನು ಪ್ರಶ್ನಿಸುವ ಮೊದಲು ತನ್ನ ಕಣ್ಣನ್ನು ಪ್ರಶ್ನಿಸಬೇಕು. ನಾವು ಉಪಾಧ್ಯಾಯರಿಗೆ ಶಾಲು ಹೊದಿಸಿ ಕಳುಹಿಸಿದೆವು. ಹುಡುಗನಿಗೆ, "ಮಗು, ಗುರುತುಗಳು ಏಕೆ ಕರಗಿದವೆಂದು ಕಲಿತೆ, ಒಳ್ಳೆಯದು. ತಾತ ಅರವತ್ತು ವರ್ಷದಲ್ಲಿ ಒಂದು ದಿನವೂ ಯಾರನ್ನೂ ಏಕೆ ಬಯ್ಯಲಿಲ್ಲವೆಂಬುದನ್ನು ಅವರನ್ನೇ ಕೇಳಿ ಬಾ" ಎಂದೆವು. ಅವನು ಹೋಗಿ ಕೇಳಿದನು. ಆ ಸಂಜೆ ತಾತ ಮೊಮ್ಮಗನೊಡನೆ ಕುಳಿತು ಪ್ರಸಾದ ಸ್ವೀಕರಿಸಿದರಂತೆ.

ಕಾಣುವುದನ್ನೆಲ್ಲ ಶೋಧಿಸುವ ಧೈರ್ಯವೂ, ಶೋಧಿಸುವವನನ್ನೇ ಶೋಧಿಸುವ ವಿನಯವೂ ನಿಮ್ಮ ಮನೆಯ ಮಕ್ಕಳಿಗೆ ಒದಗಲೆಂದು ಹಾರೈಸುತ್ತೇವೆ.